ಏನೂ ಇಲ್ಲದ ವಾಸನೆ

ನೂರಡಿ ರಸ್ತೆಯ ಲಾಡ್ಜು ಮುಚ್ಚಿದ ದಿನ
ಇನ್ನೂರೈವತ್ತಕ್ಕೆ ಸಿಕ್ಕಿತು ಈ ಗಾಜಿನ ತೊಟ್ಟಿ.
ಎರಡಡಿ ಉದ್ದ, ಒಂದಡಿ ಅಗಲ, ಎಲ್ಲೂ ಬಿರುಕಿಲ್ಲ.
ಮೀನು ಸತ್ತ ಮೇಲೆ ಅದರೊಳಗೆ
ಫಿನಾಯಿಲ್ ಬಾಟಲಿ, ನೆಲ ಒರೆಸುವ ಬಟ್ಟೆ,
ಕನ್ನಡಿಗೆ ಚಿಮುಕಿಸುವ ನೀಲಿ ನೀರು
ಏಳು ವರ್ಷ ಸಂಸಾರ ಮಾಡಿದ್ದವಂತೆ.
ರೂಮ್‌ಬಾಯ್ ಹೇಳಿದ, ಮೂಗು ಮುಚ್ಚಿಕೊಂಡೇ.

ನನಗೇನೂ ಬರಲಿಲ್ಲ.
ಆ ಜ್ವರ ಬಂದು ಹೋದ ವರ್ಷದಿಂದ
ನನ್ನ ಮೂಗು ಮುಖಕ್ಕೆ ಹಿಡಿದ ಬರೀ ಒಂದು ಡಾರ್ಟು,
ಆಕಾರಕ್ಕೆ ಅಷ್ಟೆ.
ಕಾರ್ಖಾನೆ ಕಬ್ಬು ಅರೆಯಲು ಹೊರಟರೆ
ಊರಿಗೆ ಊರೇ ಕರ್ಚೀಫು ಹಿಡಿಯುತ್ತದೆ;
ನಾನು ಬ್ಲೌಸಿಗೆ ಹುಕ್ಕು ಹಾಕುತ್ತಾ
ಬಂದವರನ್ನು ಕೇಳುತ್ತೇನೆ, ‘ಶುರುವಾಯ್ತಾ?’

ಮೀನಂಗಡಿಯ ಜವರಪ್ಪ ಚಿಲ್ಲರೆ ಎಣಿಸುತ್ತಲೇ ಅಂದ:
‘ಸೋಪು ಮಾತ್ರ ಮುಟ್ಟಿಸ್ಬ್ಯಾಡಿ ಕಣಕ್ಕಾ,
ಇಸಾನ ಇಸದಲ್ಲಿ ತೊಳ್ದಂಗಾಯ್ತದೆ.
ಹಳೇ ಕಲ್ಲು, ಹಳೇ ಸ್ಪಂಜು, ಪೈಪು ಎಲ್ಲಾ ಎಸೀರಿ.
ಗಾಜು ಏನನ್ನೂ ಕುಡಿಯಲ್ಲ.
ಮೂಲೇಲಿ ಮೆತ್ತಿರ್ತದಲ್ಲ ಆ ಗೋಂದು, ಅದು ಕುಡುಕ.
ವಿನೆಗರ್ ಹಾಕಿ ಉಜ್ಜಿ. ಬ್ಲೀಚಿಂಗ್ ಪುಡಿ ಜೊತೆಗೆ ಅದ ಬೆರೆಸ್ಬ್ಯಾಡಿ,
ತೊಟ್ಟಿ ಉಳೀತದೆ, ನಿಮ್ಮ ಎದೆ ಉಳಿಯಾಕಿಲ್ಲ.
ಆಮೇಲೆ ನೀರು ತುಂಬ್ಸಿ, ಒಂದು ದಿನ ಬಿಟ್ಟು ಚೆಲ್ಲಿ, ತಿರ್ಗಾ ತುಂಬ್ಸಿ,
ವಾಸ್ನೆ ಹೋಗೋಗಂಟ.’

ವಾಸನೆ ಹೋಗೋಗಂಟ.
ಚಿಲ್ಲರೆ ತೆಗೆದುಕೊಂಡು ಬಂದೆ, ಏನೂ ಹೇಳದೆ.

ಸಾಲದ ಮೂಗು ಸಿಕ್ಕಿತು, ಪಕ್ಕದ ಪಂಕ್ಚರ್ ಅಂಗಡಿಯ ಸುಹಾನಾಳದು.
ಎಂಟು ವರ್ಷ. ಯೂನಿಫಾರಂ ಅಂಚು ಇಳಿಸಲು ಬಂದವಳು.
ಒಂದು ಮಾರು ದೂರ ನಿಂತು ಉಸಿರೆಳೆದಳು:
‘ಬಸ್‌ಸ್ಟ್ಯಾಂಡ್ ಕಕ್ಕಸು.’
ಮೂರನೆಯ ದಿನ,
‘ಆಸ್ಪತ್ರೆ. ನಮ್ಮ ದಾದಿ ಇದ್ರಲ್ಲ, ಆ ವಾರ್ಡು.’
ಆಮೇಲೆ ಸುಮ್ಮನಾದಳು. ನಾನೂ ಕೇಳಲಿಲ್ಲ.
ನೀರು ಬಚ್ಚಲಿಗೆ ಚೆಲ್ಲಿ ಮತ್ತೆ ನಲ್ಲಿ ತಿರುಗಿಸಿದೆ.
ಐದನೆಯ ದಿನ, ‘ಉಪ್ಪಿನಕಾಯಿ!’
ಅದು ನನ್ನ ವಿನೆಗರ್. ನಕ್ಕೆವು.

ಕಣ್ಣಿಗೂ ಒಂದು ಪಾಲಿತ್ತು:
ತೊಟ್ಟಿಯ ನೀರನ್ನು ಹಾರ್ಲಿಕ್ಸ್ ಬಾಟಲಿಗೆ ತುಂಬಿ ಕುಲುಕುವುದು.
ನೊರೆ ನಿಂತರೆ ಇನ್ನೂ ಇದೆ.
ನಿಂತಿತು. ಕುರಿ ಉಣ್ಣೆಯ ಹಾಗೆ, ಕೊಬ್ಬಿನಿಂದ.

ಆ ರಾತ್ರಿ ಹೊಲಿಗೆ ಬಿಚ್ಚುವ ಬ್ಲೇಡು ತೆಗೆದುಕೊಂಡು ಕೂತೆ.
ಒಂದೊಂದೇ ಮೂಲೆಯ ಗೋಂದು ಕೆರೆದೆ.
ಯಾರೋ ಕೆಟ್ಟದಾಗಿ ಹೊಲಿದ ರವಿಕೆ ಬಿಚ್ಚಿದಂತೆ,
ಬಟ್ಟೆಗೆ ನೋವಾಗದಂತೆ.
ಹಳದಿ ದಾರವಾಗಿ ಬಂತು ಏಳು ವರ್ಷ.
ಮೀನಿಗೆಂದೇ ಮಾರುವ ಹೊಸ ಗೋಂದು ಎಳೆದು,
ಬೆರಳಲ್ಲಿ ಸವರಿ,
ಒಂದು ವಾರ ಆ ಕಡೆ ನೋಡಲಿಲ್ಲ. ಗೌರಿ ಹಬ್ಬದ ಬ್ಲೌಸುಗಳಿದ್ದವು.

ಮತ್ತೆ ತುಂಬಿದೆ. ಚೆಲ್ಲಿದೆ. ತುಂಬಿದೆ.
ಬಾಟಲಿಯ ನೊರೆ ಎದ್ದು, ಒಡೆದು, ಬರೀ ನೀರಾಯಿತು.
ಸುಹಾನಾ ಈಗ ಮುಖವನ್ನೇ ತೊಟ್ಟಿಯ ಬಾಯಿಗಿಟ್ಟಳು.
‘ಏನೂ ಬರ್ತಿಲ್ಲ ಆಂಟಿ.’
‘ಏನೂ ಅಂದ್ರೆ ಹೆಂಗೆ?’
‘ಏನೂ ಅಂದ್ರೆ... ಏನೂ ಇಲ್ಲ.’

ಅದು ನನಗೆ ಗೊತ್ತಿರುವ ವಾಸನೆ.
ನಾನೂ ಪಕ್ಕದಲ್ಲಿ ಬಗ್ಗಿದೆ.
ಅಷ್ಟು ಹೊತ್ತು ಇಬ್ಬರದೂ ಒಂದೇ ಮೂಗು.

ನಲ್ಲಿ ನೀರಿಗೂ ಔಷಧಿ ಇರುತ್ತದೆಂದು
ಬಾಯಿ ತೆರೆದ ಬಕೆಟ್ಟಿನಲ್ಲಿ ಎರಡು ರಾತ್ರಿ ಇಟ್ಟು,
ಹದಿನೈದು ರೂಪಾಯಿಯ ಒಂದೇ ಒಂದು ಗಪ್ಪಿ ತಂದು
ಕವರಿನ ಸಮೇತ ತೇಲಿಸಿ, ಆಮೇಲೆ ಬಿಟ್ಟೆ.
ಅದು ಸೀದಾ ಮೂಲೆಗೆ ಹೋಗಿ
ಹೊಸ ಗೋಂದಿಗೆ ಬಾಯಿ ಹಚ್ಚಿ ನಿಂತಿತು.
ಮಿಷನ್ ತುಳಿಯಲಿಲ್ಲ ನಾನು. ಲೈಟೂ ಆರಿಸಲಿಲ್ಲ.

ಬೆಳಿಗ್ಗೆ ಏಳಕ್ಕೆ ಶಟರು ಬಡಿದ ಸದ್ದು.
‘ಐತಾ?’
‘ಐತೆ ಬಾ.’